ಆಪರೇಷನ್ ದಿನ ಮುಂದೆ ಹಾಕಬೇಡಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: ‘ಎಲೆ ಅಡಿಕೆ, ಹೊಗೆಸೊಪ್ಪು ಹಾಕುತ್ತಿದ್ದ ನಮ್ಮ ಅಣ್ಣನಿಗೆ ಕೆನ್ನೆಯೊಳಗೆ ಕ್ಯಾನ್ಸರ್. ಮುಂದಿನ ತಿಂಗಳು ಆಪರೇಷನ್. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ನ್ಯಾನೊ ಕಣಕ್ಕೆ ಬೆಳಕು ಬಿಟ್ಟು ಗಡ್ಡೆ ಸುಡುತ್ತಾರೆಂದು ಎಲ್ಲೋ ಓದಿ, ಅದಕ್ಕೇ ಕಾಯುತ್ತೇನೆ ಎನ್ನುತ್ತಿದ್ದಾನೆ. ಕಾಯಬಹುದೇ?’

ಸಂಪಾದಕರ ಉತ್ತರ: ಬೇಡ. ದಯವಿಟ್ಟು ಕಾಯಬೇಡಿ. ಹಾಗೆಂದು ನಿಮ್ಮ ಅಣ್ಣ ಓದಿದ್ದು ಸುಳ್ಳೂ ಅಲ್ಲ.

ಮದ್ದಿಗೆ ಬೆಳಕನ್ನು ಜೊತೆ ಮಾಡುವುದು ನಮಗೆ ಹೊಸದಲ್ಲ. ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದರು. ಕ್ಯಾನ್ಸರಿಗೆ ಇಂಥದೇ ಜೋಡಿಯಾದ ಫೋಟೊಫ್ರಿನ್ ಔಷಧವನ್ನು ಕೆನಡಾ 1993ರಲ್ಲಿ, ಅಮೆರಿಕ 1995ರಲ್ಲಿ ಒಪ್ಪಿದವು. ಗಡ್ಡೆಯಲ್ಲಿ ತಂಗಿದ ಔಷಧದ ಮೇಲೆ ಕೆಂಪು ಲೇಸರ್ ಬಿದ್ದರೆ, ಅಲ್ಲಿನ ಆಮ್ಲಜನಕವೇ ಜೀವಕೋಶವನ್ನು ಕೊಲ್ಲುವಷ್ಟು ಉಗ್ರವಾಗುತ್ತದೆ. ಆದರೆ ಔಷಧ ಚರ್ಮದಲ್ಲೂ ಉಳಿಯುವುದರಿಂದ ಕನಿಷ್ಠ 30 ದಿನ ಬಿಸಿಲಿಗೆ ಮೈಯೊಡ್ಡುವಂತಿಲ್ಲ. ಅಂಗಳದಲ್ಲಿ ಅಡಿಕೆ ಹರವುವ ನಮ್ಮವರಿಗೆ ಇದು ಸಣ್ಣ ಕಷ್ಟವಲ್ಲ.

ಮದ್ದು ಗಡ್ಡೆಗೇ ಹೆಚ್ಚು ತಲುಪಲಿ ಎಂಬ ಆಸೆಯಿಂದ ನ್ಯಾನೊ ಕಣಗಳ ಹುಡುಕಾಟ ನಡೆದಿದೆ. ಚಿನ್ನದ ಕಣ ಬೆಳಕು ಹೀರಿ ಬಿಸಿಯಾಗುತ್ತದೆ; ಕೀಮೊ ಔಷಧವನ್ನೂ ಹೊತ್ತಿದ್ದರೆ ಆ ಕಾವಿಗೆ ಅದು ಅಲ್ಲೇ ಬಿಚ್ಚಿಕೊಳ್ಳುತ್ತದೆ. ಒಂದೇ ಜಾಗದಲ್ಲಿ ಎರಡು ಪೆಟ್ಟು. ಆದರೆ ಇಂಥ ಜೋಡಿ ಚಿಕಿತ್ಸೆಯ ಬಹುಪಾಲು ಕೆಲಸ ಇನ್ನೂ ಇಲಿಗಳ ಮೇಲೆಯೇ ನಡೆಯುತ್ತಿದೆ. ಚಿನ್ನದ ಕಣಗಳ ಕಾವನ್ನು ಮನುಷ್ಯರಲ್ಲಿ ಪರೀಕ್ಷಿಸಿ ಅಮೆರಿಕದಿಂದ 2019ರಲ್ಲಿ ಬಂದ ವರದಿಯೊಂದು 16 ಮಂದಿಯದು, ಅದೂ ಪ್ರಾಸ್ಟೇಟ್ ಕ್ಯಾನ್ಸರಿನದು.

ಇಂದು ರಾತ್ರಿ ಕರೆಂಟ್ ಹೋದಾಗ ಮೊಬೈಲ್ ಟಾರ್ಚನ್ನು ಬೆರಳಿಗೆ ಒತ್ತಿ ಹಿಡಿದು ಅಣ್ಣನಿಗೆ ತೋರಿಸಿ. ಕೆಂಪು ಮಾತ್ರ ಹೊರಬರುತ್ತದೆ. ಉಳಿದ ಬಣ್ಣಗಳನ್ನು ರಕ್ತ, ಮಾಂಸ ನುಂಗಿರುತ್ತವೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಇನ್ನಷ್ಟು ಆಳಕ್ಕೆ ಇಳಿದರೂ ಕೆಲವೇ ಸೆಂಟಿಮೀಟರಿನಲ್ಲಿ ಸೋಲುತ್ತದೆ. ಕೆನ್ನೆ ಬೆಳಕಿಗೆ ಎಟುಕುವ ಜಾಗವೇ, ನಿಜ. ಆದರೆ ಬಾಯಿಯ ಕ್ಯಾನ್ಸರ್ ಕುತ್ತಿಗೆಯ ಗ್ರಂಥಿಗಳಿಗೆ ಇಳಿಯುತ್ತದೆ, ಕಣ್ಣಿಗೆ ಕಾಣದೆ ಇಳಿಯುತ್ತದೆ. ಅಲ್ಲಿಗೆ ಸೇರಿದ್ದನ್ನು ಕೆನ್ನೆಗೆ ಬಿಟ್ಟ ಬೆಳಕು ಅಟ್ಟಿಸಿಕೊಂಡು ಹೋಗಲಾರದು. ಅದಕ್ಕೇ ಶಸ್ತ್ರವೈದ್ಯರು ಅನೇಕರಲ್ಲಿ ಆ ಗ್ರಂಥಿಗಳನ್ನೂ ತೆಗೆಯುವುದು. ನೀವು ಕಾಯುವ ಒಂದೊಂದು ವಾರವೂ ಅದು ಇಳಿಯಲು ಸಿಕ್ಕ ವಾರ.

ಇನ್ನೊಂದು ಮಾತು. ಅಡಿಕೆಯನ್ನೇ ನಂಬಿದ ಸೀಮೆಯಲ್ಲಿ ಕೂತು ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಹೊಗೆಸೊಪ್ಪು ಬಿಟ್ಟರೆ ಸಾಲದು. ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಎರಡು ದಶಕಗಳ ಹಿಂದೆಯೇ ಹೇಳಿದೆ. ಅಣ್ಣನ ಜೊತೆ ಕವಳ ಹಾಕುತ್ತಿದ್ದವರು ಮನೆಯಲ್ಲಿ ಇನ್ನೂ ಇರಬಹುದು. ಅದೇ ಟಾರ್ಚ್ ಹಿಡಿದು ಅವರ ಬಾಯಿಯನ್ನೂ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ, ಅಣ್ಣನನ್ನು ಕರೆದೊಯ್ಯುವ ದಿನವೇ ಅವರನ್ನೂ ಕರೆದೊಯ್ಯಿರಿ.