ಇಷ್ಟೊಂದು ಜನ ದಾನ ಮಾಡಿದರೂ ಬಡತನ ಯಾಕೆ ಹೋಗುವುದಿಲ್ಲ?

ದಾನದಲ್ಲಿ ಜಾಸ್ತಿ ಪಾಲು ಇವತ್ತಿನ ಹಸಿವಿಗೆ ಹೋಗುತ್ತದೆ, ನಾಳೆಯ ದುಡಿಮೆಗೆ ಅಲ್ಲ. ಕೊಟ್ಟ ಅಕ್ಕಿ ಮುಗಿಯುತ್ತದೆ, ಮನೆಯ ಸಂಪಾದನೆ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಂತ ಅಕ್ಕಿ ಕೊಟ್ಟದ್ದು ದಂಡ ಅಂತಲ್ಲ. ಹಸಿದವರಿಗೆ ಊಟವೇ ಮೊದಲು.

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಕಡುಬಡವರಿಗೆಂದೇ ಒಂದು ಕಾರ್ಯಕ್ರಮ ಶುರು ಮಾಡಿತು. ಹಳ್ಳಿಯ ಹೆಂಗಸರಿಗೆ ಹಸುವಿನಂಥ ಆಸ್ತಿ ಕೊಟ್ಟರು, ಸಾಕುವುದನ್ನು ಕಲಿಸಿದರು, ಆದಾಯ ಬರುವವರೆಗೆ ಹೊಟ್ಟೆಪಾಡಿಗೆ ಒಂದಿಷ್ಟು ದುಡ್ಡನ್ನೂ ಕೊಟ್ಟರು. ಸುಮಾರು 2 ವರ್ಷ ಮನೆಗೆ ಬಂದು ವಿಚಾರಿಸಿಕೊಂಡರು. ಹಸು ಮಾರಿ ತಿನ್ನುವ ಪರಿಸ್ಥಿತಿ ಬರಬಾರದು, ಅಲ್ವಾ?

ಆ ಮನೆಗಳನ್ನು ವರ್ಷಗಟ್ಟಲೆ ಗಮನಿಸಿದ ಅರ್ಥಶಾಸ್ತ್ರಜ್ಞರಿಗೆ ಒಂದು ವಿಷಯ ಕಂಡಿತು. ಆಸ್ತಿ ಒಂದು ಮಟ್ಟ ದಾಟಿದ ಮನೆಗಳು ಆಮೇಲೆ ತಾವಾಗಿಯೇ ಮೇಲೆ ಹೋದವು. ಹಸು ಸಿಕ್ಕಿಯೂ ಆ ಮಟ್ಟದ ಕೆಳಗೇ ಉಳಿದವರು ಮತ್ತೆ ಹಿಂದಕ್ಕೆ ಜಾರಿದರು. ಹಸುವೊಂದೇ ಇದ್ದರೆ ಸಾಲದು. ಜೊತೆಗೆ ಗಾಡಿಯೋ ತುಂಡು ನೆಲವೋ ಇದ್ದರೆ ಅದರಿಂದ ಹುಟ್ಟುವ ಆದಾಯವೇ ಬೇರೆ. ಏನೂ ಇಲ್ಲದ ಮನೆಯಲ್ಲಿ ಒಂದು ಕಾಯಿಲೆ ಬಂದರೂ ಸಾಕು, ಹಸು ಸಂತೆಗೆ ಹೋಗುತ್ತದೆ. ಇದನ್ನೇ ಬಡತನದ ಬಲೆ ಅನ್ನುತ್ತಾರೆ.

ನೂರು ಮನೆಗೆ ಚೂರುಚೂರು ಹಂಚುವ ದಾನ ಫೋಟೋಗೇನೋ ಚೆನ್ನ. ಆದರೆ ಆ ಮಟ್ಟ ದಾಟಿಸುವುದು ಕಡಿಮೆ. ಬ್ರಾಕ್ ದಾರಿಯನ್ನು ಭಾರತ, ಘಾನಾ, ಪೆರು ಸೇರಿ 6 ದೇಶಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಬಂತು. ನೆರವು ನಿಂತು ವರ್ಷ ಕಳೆದರೂ ಬಹುತೇಕ ಕಡೆ ಅನುಕೂಲ ಉಳಿದಿತ್ತು.