ಮನೆಮಾತಿನ ಧಾಟಿ ಮಕ್ಕಳ ಓದಿಗೆ ಅಡ್ಡಿಯಾಗುತ್ತದೆಯೇ?

ನಿಮ್ಮ ಅಕ್ಕನ ಮಗ ತರಗತಿಯಲ್ಲಿ ಮನೆಮಾತಿನಲ್ಲೇ ಉತ್ತರಿಸುತ್ತಾನೆ, ಇದರಿಂದ ಓದಿನಲ್ಲಿ ಹಿಂದೆ ಬೀಳುತ್ತಾನೆಂದು ಶಿಕ್ಷಕರು ಹೇಳಿದ್ದಾರೆ, ಅದು ನಿಜವೇ ಎಂದು ಕೇಳಿದ್ದೀರಿ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕನಾಗಿರುವ ನನ್ನ ಅನುಭವದಲ್ಲಿ ಅಂತಹ ಮಕ್ಕಳು ಹಿಂದೆ ಬೀಳುವುದುಂಟು. ಆದರೆ ಅದಕ್ಕೆ ಅವರ ಮಾತನ್ನು ಹೊಣೆ ಮಾಡುವುದು ಅನ್ಯಾಯ.

ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಬೇಸಿಲ್ ಬರ್ನ್‌ಸ್ಟೈನ್ 1960ರ ದಶಕದಲ್ಲಿ ಈ ವಿಷಯವನ್ನು ಚರ್ಚೆಗೆ ತಂದರು. ಅವರ ಸಂಗಡಿಗರು ಚೆಂಡಾಡುವ ಹುಡುಗರ ಚಿತ್ರಗಳನ್ನು ತೋರಿಸಿ ಐದು ವರ್ಷದ ಮಕ್ಕಳಿಂದ ಕತೆ ಹೇಳಿಸಿದಾಗ, ಮಧ್ಯಮ ವರ್ಗದ ಮಕ್ಕಳು ಯಾರು ಒದ್ದರು, ಚೆಂಡು ಎಲ್ಲಿಗೆ ಬಿತ್ತು ಎಂಬುದನ್ನು ಚಿತ್ರ ನೋಡದವರಿಗೂ ತಿಳಿಯುವಂತೆ ಹೇಳಿದರೆ, ಕಾರ್ಮಿಕರ ಮಕ್ಕಳು ಹೆಚ್ಚಾಗಿ ‘ಅವನು ಒದ್ದ, ಅದು ಅಲ್ಲಿ ಹೋಯಿತು’ ಎಂಬ ಧಾಟಿಯಲ್ಲಿ ಹೇಳಿದರು. ಪರೀಕ್ಷೆ ಬಯಸುವುದು ಮೊದಲನೆಯ ಧಾಟಿಯನ್ನೇ. ಇದನ್ನು ಹಿಡಿದುಕೊಂಡು ಬಡವರ ಮಕ್ಕಳ ಭಾಷೆಯೇ ಬಡವೆಂದು ವಾದಿಸಿದವರನ್ನು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1969ರಲ್ಲಿ ಬಲವಾಗಿ ಅಲ್ಲಗಳೆದರು. ಪ್ರಶ್ನೆ ಕೇಳಿದರೆ ಒಂದೆರಡು ಪದದಲ್ಲಿ ಮುಗಿಸುತ್ತಿದ್ದ ಎಂಟು ವರ್ಷದ ಕಪ್ಪುವರ್ಣೀಯ ಹುಡುಗನೊಬ್ಬ, ಗೆಳೆಯನನ್ನು ಜೊತೆಗೆ ಕೂರಿಸಿ, ಚಿಪ್ಸ್ ಕೊಟ್ಟು, ಕೇಳುವವರೂ ನೆಲದ ಮೇಲೆ ಕುಳಿತಾಗ ಧಾರಾಳವಾಗಿ ಮಾತನಾಡಿದ್ದ.

ನಮ್ಮಲ್ಲಿಯೂ ಹೀಗೆಯೇ. ಬೆಳೆ ಹಾಳಾಗಲು ಕಾರಣವೇನೆಂದು ಕೇಳಿದರೆ ‘ಹೊಲ್ದಾಗ ನೀರ್ ನಿಂತು ತೊಗರಿ ಒಣಗ್ಯಾದ್ರಿ’ ಎನ್ನುವ ಮಗುವಿನ ಉತ್ತರದಲ್ಲಿ ಕಾರಣವೂ ಪರಿಣಾಮವೂ ಸ್ಪಷ್ಟವಾಗಿವೆ. ‘ಸರಿಯಾಗಿ ಹೇಳು’ ಎಂದು ಗದರಿದರೆ ಆ ಮಗು ಮುಂದಿನ ಸಲ ಕೈ ಎತ್ತುವುದಿಲ್ಲ. ಮನೆಯಲ್ಲಿ ಲಂಬಾಣಿ ಮಾತನಾಡುವ ತಾಂಡಾದ ಮಕ್ಕಳಿಗಂತೂ ಈ ಗದರಿಕೆ ಇನ್ನೂ ಭಾರ. ಸುಗ್ಗಿ ಮುಗಿದ ಮೇಲೆ ತಂದೆತಾಯಿಯೊಡನೆ ಪುಣೆ, ಮುಂಬೈಗೆ ಗುಳೆ ಹೋಗಿ ಬರುವವರಿಗೆ ತಪ್ಪಿದ ಪಾಠಗಳ ಹೊರೆಯೂ ಸೇರುತ್ತದೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಕೊನೆಯ ಸ್ಥಾನದಲ್ಲಿದ್ದುದಕ್ಕೆ ನಮ್ಮ ಆಡುಮಾತನ್ನು ದೂರುವವರು ಈ ಗುಳೆಯ ಕಡೆಗೂ ನೋಡಬೇಕು.

ಶಿಕ್ಷಕರನ್ನು ಕಂಡಾಗ ಒಂದು ಮಾತು ಕೇಳಿಕೊಳ್ಳಿ: ಹುಡುಗ ಹೇಳಿದ್ದನ್ನು ಮೊದಲು ಒಪ್ಪಿಕೊಂಡು, ಅದರ ಬರಹದ ರೂಪವನ್ನು ಹಲಗೆಯ ಮೇಲೆ ಬರೆದು ಓದಿಸಲಿ. ಮನೆಗೆ ಬಂದ ಮೇಲೆ ಶಾಲೆಯಲ್ಲಿ ನಡೆದದ್ದನ್ನು ಅಲ್ಲಿರದ ಅಜ್ಜಿಗೆ ಅವನಿಂದಲೇ ಹೇಳಿಸಿ, ‘ಯಾರು? ಎಲ್ಲಿ? ಯಾಕ?’ ಎಂದು ಅಜ್ಜಿ ಕೇಳುತ್ತಾ ಹೋದಂತೆ, ಪರೀಕ್ಷೆ ಬಯಸುವ ವಿವರಣೆ ಅವನಿಗೆ ತಾನಾಗಿ ರೂಢಿಯಾಗುತ್ತದೆ.