ಮೊಣಕಾಲು ಊದುವವರೆಗೆ ಕಾಯಬೇಡಿ

ತೀವ್ರ ಹಿಮೋಫಿಲಿಯಾ ಎ (ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನ್ ಕೊರತೆಯ ಕಾಯಿಲೆ) ಇರುವ ನಿಮ್ಮ ಆರು ವರ್ಷದ ಮಗ, ತೂಕ 20 ಕೆಜಿ. ಮೊಣಕಾಲು ಜುಮ್ಮೆನ್ನುತ್ತಿದೆ ಅಂತಾನೆ, ಊತವಿಲ್ಲ. ಫ್ಯಾಕ್ಟರ್ ಹಾಕಿಸಲೇ, ಬೆಳಗಿನವರೆಗೆ ನೋಡಲೇ ಅಂತ ಕೇಳಿದ್ದೀರಿ. ನನ್ನ ವಿಷಯದಲ್ಲಿ ನಮ್ಮ ಮನೆಯಲ್ಲೂ ಇದೇ ಮಾತು ನಡೆಯುತ್ತಿತ್ತು. "ಊತ ಬರಲಿ, ನೋಡೋಣ" ಎಂದು ಕಾದು ಕಾದು ನನ್ನ ಎಡ ಮೊಣಕಾಲು ಈಗ ಪೂರ್ತಿ ಮಡಚುವುದಿಲ್ಲ. ಹಾಗಾಗಿ ಕಾಯುವುದೂ ಒಂದು ದಾರಿ ಎಂಬುದನ್ನೇ ನಾನು ಒಪ್ಪುವುದಿಲ್ಲ.

ಊತ ಕಂಡಿತೆಂದರೆ ಕೀಲಿನೊಳಗೆ ಆಗಲೇ ರಕ್ತ ತುಂಬಿದೆ ಎಂದರ್ಥ. ಅದಕ್ಕೂ ಮೊದಲೇ ಜುಮ್ಮೆನ್ನುತ್ತದೆ, ಬಿಗಿಯಾಗುತ್ತದೆ, ಮಗು ಆ ಕಾಲನ್ನು ಊರಲು ಹಿಂಜರಿಯುತ್ತದೆ. ಒಳಗೆ ನಿಂತ ರಕ್ತದ ಕಬ್ಬಿಣಾಂಶ ಕೀಲಿನ ಒಳಪೊರೆಯನ್ನು ಕೆರಳಿಸುತ್ತದೆ. ಪೊರೆ ದಪ್ಪಗಾಗಿ ಅದರಲ್ಲಿ ಹೊಸ, ನಾಜೂಕಾದ ರಕ್ತನಾಳಗಳು ಹುಟ್ಟುತ್ತವೆ. ಅವು ಸುಮ್ಮನೆ ನಡೆದಾಡಿದರೂ ಒಡೆಯುತ್ತವೆ, ಮತ್ತೆ ರಕ್ತ ಸೋರುತ್ತದೆ. ಆರು ತಿಂಗಳೊಳಗೆ ಒಂದೇ ಕೀಲಿಗೆ ಮೂರು ಸಲ ಹೀಗಾದರೆ ಡಾಕ್ಟರು ಅದನ್ನು ಟಾರ್ಗೆಟ್ ಜಾಯಿಂಟ್ ಅನ್ನುತ್ತಾರೆ. ಸವೆದ ಮೃದ್ವಸ್ಥಿ ಮೊದಲಿನಂತಾಗುವುದಿಲ್ಲ.

ಆದ್ದರಿಂದ ಎರಡು ಗಂಟೆಯೊಳಗೆ ಫ್ಯಾಕ್ಟರ್ 8 ಒಳಗೆ ಹೋಗಬೇಕು. ಕೆಜಿಗೆ 1 ಯೂನಿಟ್ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಸುಮಾರು 2% ಏರುತ್ತದೆ. 20 ಕೆಜಿ ಮಗುವಿಗೆ 500 ಯೂನಿಟ್ ಕೊಟ್ಟರೆ ಸುಮಾರು 50%. ನಿಮ್ಮ ಡಾಕ್ಟರು ಹೇಳಿದ ಡೋಸನ್ನು ಚೀಟಿಯಲ್ಲಿ ಬರೆಸಿ ಫ್ರಿಜ್ ಮೇಲೆ ಅಂಟಿಸಿಡಿ, ರಾತ್ರಿ ಹೊತ್ತು ಲೆಕ್ಕ ಹಾಕುತ್ತಾ ಕೂರುವಂತಾಗಬಾರದು. ವಯಲ್ (ಫ್ಯಾಕ್ಟರ್ ಪುಡಿಯ ಪುಟ್ಟ ಬಾಟಲಿ) ತಣ್ಣಗಿರುವಾಗ ಕಲಸಬೇಡಿ. ನೀರು ಬೆರೆಸಿದ ಮೇಲೆ ಕುಲುಕಬೇಡಿ, ನೊರೆ ಬರುತ್ತದೆ. ಮೆಲ್ಲಗೆ ತಿರುಗಿಸಿದರೆ ಸಾಕು. ಇಂಜೆಕ್ಷನ್ ರಕ್ತನಾಳಕ್ಕೆ, ನಿಧಾನವಾಗಿ, ನಿಮಿಷಕ್ಕೆ 100 ಯೂನಿಟ್ ಮೀರದಂತೆ.

ಕಾಲನ್ನು ಅವನಿಗೆ ಹಿತವೆನಿಸುವ ಭಂಗಿಯಲ್ಲೇ ಬಿಡಿ, ಎಳೆದು ನೆಟ್ಟಗೆ ಮಾಡಬೇಡಿ. ಅಜ್ಜಿ ಎಣ್ಣೆ ಹಚ್ಚಿ ನೀವುತ್ತೇನೆ ಅಂದರೆ ದಯವಿಟ್ಟು ತಡೆಯಿರಿ, ಒಳಗಿನ ಸ್ರಾವ ಹೆಚ್ಚುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು; ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡವೇ ಬೇಡ. ಹತ್ತಿರದ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಸೂಜಿ ಚುಚ್ಚಲು ಬಂದರೂ ಒಪ್ಪಬೇಡಿ, ಸ್ನಾಯುವಿನಲ್ಲಿ ರಕ್ತ ಹೆಪ್ಪುಗಟ್ಟಿ ಗಡ್ಡೆಯಾಗುತ್ತದೆ.

ತಲೆಗೆ ಪೆಟ್ಟು ಬಿದ್ದಿದ್ದರೆ ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್.

ಇನ್ನು ಆಟ ಬಿಡಿಸುವ ಮಾತು. ಅದನ್ನೂ ನಾನು ಒಪ್ಪುವುದಿಲ್ಲ. ಕಬಡ್ಡಿ ಬೇಡ, ಆದರೆ ಈಜು ಕಲಿಸಿ. ತೊಡೆಯ ಸ್ನಾಯು ಗಟ್ಟಿಯಿದ್ದಷ್ಟೂ ಮೊಣಕಾಲಿಗೆ ಆಸರೆ. ರಕ್ತ ಸೋರದಂತೆ ಮೊದಲೇ ಕೊಡುವ ಪ್ರೊಫಿಲ್ಯಾಕ್ಸಿಸ್ ಅಥವಾ ಅದೇ ಉದ್ದೇಶಕ್ಕೆ ಚರ್ಮದಡಿ ಹಾಕುವ ಎಮಿಸಿಜುಮ್ಯಾಬ್ ಔಷಧದ ಬಗ್ಗೆ ಜಿಲ್ಲಾಸ್ಪತ್ರೆಯಲ್ಲಿ ಕೇಳಿ, ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಲ್ಲೂ ವಿಚಾರಿಸಿ. ಡೋಸ್ ಸರಿಯಾಗಿದ್ದೂ ನೋವು ಇಳಿಯದಿದ್ದರೆ ಇನ್ಹಿಬಿಟರ್ (ಕೊಟ್ಟ ಫ್ಯಾಕ್ಟರ್ ಕೆಲಸ ಮಾಡದಂತೆ ತಡೆಯುವ ಪ್ರತಿಕಾಯ) ಪರೀಕ್ಷೆ ಮಾಡಿಸಿ.